ಕಾಲಿನ ಮೇಲಿನ ಆರೋಪ

"ಬೊಂಬೆ, ಅವರಿಗೆ ಹೇಳು, ಗುಂಡುಸೂಜಿ ಇಲ್ಲಿದೆ, ಬೇಕಾದ್ರೆ ಬಂದು ತಗೊಳ್ಳಲಿ ಅಂತ," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಬೊಂಬೆಯೆಂದರೆ ಅವಳ ದರ್ಜಿ ಅಂಗಡಿಯಲ್ಲಿ ಹೊಲಿದ ಬಟ್ಟೆ ತೊಡಿಸಿ ನೋಡುವ ಬೊಂಬೆ. ಅದಕ್ಕೆ ಕೈಯಿಲ್ಲ, ತಲೆಯಂತೂ ಮೊದಲೇ ಇಲ್ಲ. ಆದರೂ ವಾರದಿಂದ ಗಂಡ ಹೆಂಡಿರ ನಡುವಿನ ಸಕಲ ವ್ಯವಹಾರವನ್ನೂ ಅದೇ ನಡೆಸಿಕೊಂಡು ಬಂದಿತ್ತು. ಎರಡು ದೇಶಗಳ ರಾಯಭಾರಿಗಳೂ ಅದರ ಹತ್ತಿರ ಬಂದು ಕಲಿಯಬೇಕು, ಹಾಗೆ.

ಜಗಳ ಹುಟ್ಟಿದ್ದು ವ್ಯಾನಿನಿಂದ. ಹೊಲಿದ ಬಟ್ಟೆ ತುಂಬಿಕೊಂಡು ಅವಳು ಹೊರಟರೆ, ಏರಿನಲ್ಲಿ ಆ ವ್ಯಾನು ಬಿಕ್ಕಳಿಸುತ್ತಿತ್ತು. ಗಕ್ಕನೆ ನಿಂತಂತಾಗಿ ಮತ್ತೆ ಮುಂದಕ್ಕೆ ಹಾರುತ್ತಿತ್ತು. ಪಕ್ಕದ ಶೆಡ್ಡಿನಲ್ಲೇ ಇರುವ ಗಂಡ ಎಂಥ ಮೆಕ್ಯಾನಿಕ್ ಅಂತೀರಿ! ಅವನು ಕೆಮ್ಮಿದರೆ ಹತ್ತು ಬೀದಿಯಾಚೆ ಕೆಟ್ಟು ನಿಂತ ಲಾರಿ ಹೆದರಿ ಸ್ಟಾರ್ಟ್ ಆಗುತ್ತಿತ್ತು. ಅವನು ವ್ಯಾನು ಓಡಿಸಿ ನೋಡಿದ. ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಮೀಟರ್ ಇಟ್ಟು ನೋಡಿದ, ಎಲ್ಲ ಸರಿ. ಮತ್ತೆ ಓಡಿಸಿದ; ಮತ್ತೆ ಬೆಣ್ಣೆ. ಕೊನೆಗೆ ಕೈ ಒರೆಸಿಕೊಳ್ಳುತ್ತಾ, ಬಾಯಿಗೆ ಬ್ರೇಕ್ ಹಾಕುವುದನ್ನು ಮರೆತು, ಹೇಳಿಯೇಬಿಟ್ಟ: "ಗಾಡೀಲಿ ಏನೂ ಇಲ್ಲ ಕಣೇ. ನಿನ್ನ ಕಾಲೇ ಸರಿ ಇಲ್ಲ."

ಯಾರ ಕಾಲಿಗೆ ಅಂದ ಮಾತು! ಹೊಲಿಗೆ ಯಂತ್ರದ ಪೆಡಲಿನ ಮೇಲೆ ಆ ಕಾಲಿದ್ದರೆ ಸೂಜಿ ಒಂದೊಂದು ಹೊಲಿಗೆಯನ್ನೂ ಯೋಚಿಸಿ ಹಾಕುತ್ತಿತ್ತು. ಇರುವೆಗೊಂದು ಅಂಗಿ ಹೊಲಿ ಎಂದರೆ ಕಾಲರ್ ಇಟ್ಟು, ಜೇಬನ್ನೂ ಸೇರಿಸಿ ಹೊಲಿದುಕೊಡುವಂಥ ಕಾಲು. ಅವಳು ವ್ಯಾನಿನ ಕೀಲಿಯನ್ನು ಬೊಂಬೆಯ ಕತ್ತಿಗೆ ನೇತುಹಾಕಿದಳು, ಮಾತು ನಿಲ್ಲಿಸಿದಳು. ಮನೆಯಲ್ಲಿ ಎಂಥ ಮೌನವೆಂದರೆ ಹಾಲು ಕೆನೆಗಟ್ಟುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ಮೆಕ್ಯಾನಿಕ್ಕಿಗೆ ಹೊತ್ತು ಹೊತ್ತಿಗೆ ಊಟ ಸಿಗುತ್ತಿತ್ತು, ಬೈಗುಳ ಸಿಗುತ್ತಿರಲಿಲ್ಲ. ಬೈಗುಳವಿಲ್ಲದ ಊಟ ಅವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಅವಳು ಬಟ್ಟೆಯ ಗಂಟು ಹೊತ್ತು ಅದೇ ಏರನ್ನು ನಡೆದು ಹತ್ತುವುದನ್ನು ಶೆಡ್ಡಿನಿಂದ ನೋಡಿದ. ಒಂದೊಂದೇ ಹೆಜ್ಜೆ, ಎಷ್ಟು ಮೆಲ್ಲಗೆ! ಕಣ್ಣು ತನ್ನ ಬೂಟಿನತ್ತ ಹೋಯಿತು. ತಾನು ಆಕ್ಸಿಲರೇಟರ್ ಒತ್ತುವುದೆಂದರೆ ಜಿರಲೆ ತುಳಿದಂತೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆಯಿತೆಂದು ಚಾಡಿ ಹೇಳುವ ಪುಟ್ಟ ಡಬ್ಬಿಯೇ ಥ್ರಾಟಲ್ ಸೆನ್ಸರ್. ಅದರೊಳಗೆ ಎಲ್ಲೋ ಒಂದೇ ಒಂದು ಕಡೆ ಸವೆದಿದ್ದರೆ, ತನ್ನ ಬೂಟು ಆ ಜಾಗವನ್ನು ಹಾರಿಕೊಂಡೇ ಹೋಗಿರಬೇಕು, ಅವಳ ಮೆಲ್ಲನೆಯ ಕಾಲು ಅಲ್ಲೇ ನಿಂತಿರಬೇಕು! ಅವಳು ವಾಪಸು ಬರುವುದನ್ನೇ ಕಾದು, ಸೆನ್ಸರಿನ ತಂತಿಗೆ ಹಿಂದಿನಿಂದ ಚುಚ್ಚಿ ಮೀಟರ್ ಹಚ್ಚಲು ಬೊಂಬೆಯ ಮೂಲಕ ಗುಂಡುಸೂಜಿ ಕೇಳಿದ. ಆಮೇಲೆ ಕಾಲನ್ನೂ ಕೇಳಿದ.

ಬೊಂಬೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಪಕ್ಕದಲ್ಲಿ ಅವಳು. ಎತ್ತಿದ ಬಾನೆಟ್ಟಿನ ಆಚೆ ಅವನು, ಕೈಯಲ್ಲಿ ಮುಳ್ಳಿನ ಹಳೇ ವೋಲ್ಟ್‌ಮೀಟರ್.

"ಬೊಂಬೆ, ನಿನ್ನ ಯಜಮಾನಿಗೆ ಹೇಳು. ಎಂಜಿನ್ ಬೇಡ, ಕೀ ಮಾತ್ರ ತಿರುಗಿಸಿ ಪೆಡಲ್ ಒತ್ತಬೇಕು. ನಿಧಾನಕ್ಕೆ, ರೇಷ್ಮೆಗೆ ಅಂಚು ಹೊಲಿಯೋ ಹಾಗೆ."

"ಬೊಂಬೆ, ನನ್ನ ಕಾಲು ಸರಿ ಇಲ್ವಂತಲ್ಲ, ಕೇಳು."

"ಆ ಸರಿ ಇಲ್ಲದ ಕಾಲೇ ಬೇಕಾಗಿದೆ ಅಂತ ಹೇಳು."

ಅವಳು ಒತ್ತಿದಳು. ಒತ್ತಿದಳೋ ಇಲ್ಲವೋ ಪೆಡಲಿಗೇ ಗೊತ್ತಾಗಲಿಲ್ಲ. ಅರ್ಧ ವೋಲ್ಟಿನಲ್ಲಿ ಮಲಗಿದ್ದ ಮುಳ್ಳು ಎದ್ದು ಕೂತಿತು, ಮೆಲ್ಲಗೆ ಏರಿತು, ಏರುತ್ತಾ ಏರುತ್ತಾ ಪಟ್ಟನೆ ಸೊನ್ನೆಗೆ ಬಿತ್ತು!

"ಹಿಂದೆ! ಒಂದು ನೂಲಿನಷ್ಟು ಹಿಂದೆ ಬಾ! ಹಾಂ, ಅಲ್ಲೇ ಹಿಡ್ಕೋ!" ಬೊಂಬೆಯನ್ನೇ ಮರೆತು ಕೂಗಿದ ಅವನು.

ಭೂಮಿಯೇ ಅಲ್ಲಾಡಿದರೂ ಆ ಕಾಲು ಅಲ್ಲಾಡಲಿಲ್ಲ. ಅವನು ಮೀಟರನ್ನು ಬಾನೆಟ್ಟಿನ ಪಕ್ಕದಿಂದ ಅವಳ ಕಿಟಕಿಯತ್ತ ಚಾಚಿ ಹಿಡಿದ. ಮುಳ್ಳು ಸೊನ್ನೆಯ ಮೇಲೆ ಅಂಗಾತ ಬಿದ್ದಿತ್ತು. ಅವಳು ನೋಡಿದಳು. ಹುಬ್ಬು ಮೇಲೇರಿತು.

"ಬೊಂಬೆ," ಎಂದ ಅವನು, ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡು, "ನಿನ್ನ ಯಜಮಾನಿಗೆ ಹೇಳು... ಕಾಲು ಚಿನ್ನದಂಥದ್ದು. ನನ್ನ ನಾಲಿಗೇನೇ ಸರಿ ಇರಲಿಲ್ಲ ಅಂತ."

"ಅದಕ್ಕೆ ತಲೇನೇ ಇಲ್ಲ ರೀ, ಕಿವಿ ಎಲ್ಲಿಂದ ಬರ್ಬೇಕು? ನನಗೇ ಹೇಳಿ."

ವಾರದ ಮೇಲೆ ಅವನ ಕಿವಿಗೆ ನೇರವಾಗಿ ಬಿದ್ದ ಅವಳ ಮಾತು. ಅವನು ಗಡಬಡಿಸಿ ಎದ್ದ ರಭಸಕ್ಕೆ ತಲೆ ಬಾನೆಟ್ಟಿಗೆ ಬಡಿದು, ಬೀದಿಯ ನಾಯಿಗಳೆಲ್ಲ ಗುಡಿಯ ಗಂಟೆ ಹೊಡೆಯಿತೆಂದು ಊಳಿಟ್ಟವು.

"ಹೇಳಿದೆನಲ್ಲ..." ಎಂದ ತಲೆ ಉಜ್ಜಿಕೊಳ್ಳುತ್ತಾ. "ತಪ್ಪು ನಂದೇ ಕಣೇ."

ಆಮೇಲಿನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹಳೇ ಸೆನ್ಸರ್ ಕೂತಿದ್ದ ಜಾಗಕ್ಕೆ ಅವಳ ಸೀಮೆಸುಣ್ಣದಿಂದ ಗುರುತು ಹಾಕಿ, ಸ್ಕ್ರೂ ಬಿಚ್ಚಿ, ಶೆಡ್ಡಿನಲ್ಲಿದ್ದ ಹೊಸದನ್ನು ಕೂರಿಸಿದ. ಅವಳು ಇನ್ನೊಮ್ಮೆ ಒತ್ತಿದಳು. ಈ ಸಲ ಮುಳ್ಳು, ಬಿಸಿಲಲ್ಲಿ ಬೆಕ್ಕು ಮೈಮುರಿದಂತೆ, ಎಲ್ಲೂ ಮುಗ್ಗರಿಸದೆ ತುದಿಯವರೆಗೆ ಹೋಯಿತು.

ಬೊಂಬೆಯನ್ನು ಹಿಂದಿನ ಸೀಟಿಗೆ ದಬ್ಬಿ, ಅವನು ಅವಳ ಪಕ್ಕ ಕೂತ. ಬಟ್ಟೆಯ ಗಂಟುಗಳ ಸಮೇತ ವ್ಯಾನು ಏರು ಹತ್ತಿತು, ನೀರಿನ ಮೇಲಿನ ಬಾತುಕೋಳಿಯಂತೆ. ಅವನು ಮೀಸೆಯ ಮೇಲೆ ಇನ್ನೇನು ಕೈ ಇಡಬೇಕು, ಏರಿನ ನಟ್ಟನಡುವೆ ಗಕ್ಕನೆ ಒಂದು ಎಳೆತ! ಹಿಂದಿನಿಂದ ಬೊಂಬೆ ಹಾರಿಬಂದು ಅವನ ಹೆಗಲ ಮೇಲೆ ಬಿತ್ತು. ಮೆಕ್ಯಾನಿಕ್ಕಿನ ಮುಖ ಸೀಮೆಸುಣ್ಣಕ್ಕಿಂತ ಬೆಳ್ಳಗಾಯಿತು.

"ಅಯ್ಯೋ, ಹೊಸಾ ಸೆನ್ಸರ್ರೂ...?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನಗು ತಡೆದು ತಡೆದು ಕೆನ್ನೆ ಮಾತ್ರ ನಡುಗುತ್ತಿತ್ತು.

"ಸೆನ್ಸರ್ ಚೆನ್ನಾಗೇ ಇದೆ ರೀ. ಇದು ನನ್ನ ಕಾಲು."