ಗಂಟೆ ಹೊಡೆದ ಮೇಲೆ

ಹೊಸ ಮೇಡಂ ಬಂದ ಮೇಲೆ ವೃದ್ಧಾಶ್ರಮದ ಅಡುಗೆಗೆ ರುಚಿ ಬಂತು. ಮಧ್ಯಾಹ್ನ ಹಾಡಿನ ಕ್ಲಾಸೂ ಶುರುವಾಯಿತು. ಕ್ಲಾಸು ನಡೆಯುವುದು ಊಟದ ಮನೆಯಲ್ಲೇ. ಹಾಗಾಗಿ ಗಂಟೆ ಹೊಡೆದ ಕೂಡಲೇ ಎಲ್ಲರೂ ಏಳಬೇಕು.

ಕೈ ನಡುಗುವ ಭಾಗಮ್ಮನಿಗೆ ಸಾರನ್ನ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಮೊಸರನ್ನ ಉಂಡು ವಾರಗಳೇ ಆಗಿದ್ದವು. ಸಾಲದ್ದಕ್ಕೆ ಎದುರು ಸಾಲಿನ ಶೇಷಪ್ಪ ತನ್ನದನ್ನು ಮುಗಿಸಿ, ಅವಳ ತಟ್ಟೆಯನ್ನೇ ದುರುಗುಟ್ಟಿ ನೋಡುತ್ತ ಕೂರುತ್ತಿದ್ದ. ಇಡೀ ಆಶ್ರಮ ಹೆದರುವ ಬಾಯಿ ಅವನದು.

ಇವತ್ತೂ ಗಂಟೆ ಹೊಡೆಯಿತು. ಗಾಬರಿಯಲ್ಲಿ ಎತ್ತಿದ ತುತ್ತು ಭಾಗಮ್ಮನ ಸೀರೆಯ ಮೇಲೆ ಬಿತ್ತು.

"ಸಾಕಲ್ವಾ ಅಜ್ಜಿ? ಹಾಡಿನ ಮೇಷ್ಟ್ರು ಕಾಯ್ತಿದಾರೆ." ಮೇಡಂ ತಟ್ಟೆಗೆ ಕೈ ಹಾಕಿದರು.

"ಸಾಕು ಕಣಮ್ಮ," ಎಂದಳು ಭಾಗಮ್ಮ. ಹೊಟ್ಟೆ ಇನ್ನೂ ಚುರುಗುಟ್ಟುತ್ತಿತ್ತು.

"ಮೇಡಂ!" ಶೇಷಪ್ಪ ಗುಡುಗಿದ. "ದಿನಾ ನೋಡ್ತಿದೀನಿ. ಇವತ್ತು ನಾನು ಸುಮ್ನಿರಲ್ಲ."

ಕೈ ತೊಳೆಯಲು ಹೊರಟವರೆಲ್ಲ ನಿಂತಲ್ಲೇ ನಿಂತರು. ಎಲ್ಲರೆದುರು ಮಾನ ಹೋಯಿತೆಂದು ಭಾಗಮ್ಮ ತಲೆ ತಗ್ಗಿಸಿದಳು.

ಶೇಷಪ್ಪ ತನ್ನ ಖಾಲಿ ತಟ್ಟೆಯನ್ನು ದಡಕ್ಕನೆ ಮುಂದಕ್ಕೆಳೆದುಕೊಂಡು ಗಟ್ಟಿಯಾಗಿ ಕೂತ. ಅವನನ್ನು ನೋಡಿ ಎದ್ದಿದ್ದವರೂ ಒಬ್ಬೊಬ್ಬರಾಗಿ ವಾಪಸು ಬಂದು ಕೂತರು.

"ಇದೇನಿದು? ಎಲ್ರದ್ದೂ ಊಟ ಆಯ್ತಲ್ಲ?" ಎಂದರು ಮೇಡಂ.

"ಪಂಕ್ತೀಲಿ ಒಬ್ರು ಉಣ್ತಿರೋವಾಗ ಊಟ ಆಯ್ತು ಅನ್ನಲ್ಲ ನಾವು. ಮೊದ್ಲು ಆಯಮ್ಮಂಗೆ ಮೊಸರು ಬಡಿಸಿ."