ಭಾನುವಾರದ ಬಾಯಾರಿಕೆ

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಸಂಕಟ ಅವುಗಳ ದಾನಿಗೂ, ದಾನಿಯ ಸಂಕಟ ಆ ಕೋಶಗಳಿಗೂ ತಟ್ಟುತ್ತಿತ್ತು. ಹಾಗಾಗಿ ಅವನ್ನು ಬೆಳೆಸಲು ತಮ್ಮ ಕಾಂಡಕೋಶ ಕೊಟ್ಟಿದ್ದ ಜಲಜಕ್ಕ ಎಂದಿನಂತೆ ಸೋಮವಾರ ತಮ್ಮ ವಾರದ ಆರೋಗ್ಯದ ವರದಿ ಒಪ್ಪಿಸಲು ಬಂದರು.

“ನಿನ್ನೆ ಎಷ್ಟು ನೀರು ಕುಡಿದ್ರೂ ಬಾಯಾರಿಕೆ ಹೋಗ್ಲೇ ಇಲ್ಲ ಮಾರಾಯ್ರೆ. ಒಣಮೀನಿನ ಚಟ್ನಿ ಜಾಸ್ತಿ ತಿಂದೆ. ತಟ್ಟೆಯಲ್ಲಿರುವ ನನ್ನ ಮಕ್ಕಳಿಗೆ ಏನಾದ್ರೂ ಆಯ್ತಾ ಮೇಡಂ?”

ಸಂಶೋಧಕಿ ಸುಮೇಧಾ ತಟ್ಟೆಯತ್ತ ನೋಡಿದಳು. ಗೆಳತಿಯ ಮದುವೆಯ ಗಡಿಬಿಡಿಯಲ್ಲಿ ಭಾನುವಾರ ಕೋಶಗಳಿಗೆ ಪೋಷಕ ದ್ರವ ಹಾಕುವುದನ್ನು ಅವಳೇ ಮರೆತಿದ್ದಳು.

“ಅರ್ಧದಷ್ಟು ಸತ್ತಿವೆ,” ಎಂದಳು.

ಜಲಜಕ್ಕ ಕಣ್ಣೊರೆಸಿಕೊಂಡರು. “ಎಲ್ಲ ನನ್ನ ನಾಲಗೆಯಿಂದ ಆದದ್ದು. ದೊಡ್ಡ ಡಾಕ್ಟ್ರು ಬೈದ್ರೆ ನನ್ನ ಹೆಸರೇ ಹೇಳಿ. ಇನ್ನು ಒಣಮೀನು ಮುಟ್ಟುದಿಲ್ಲ.”

“ಪೂರ್ತಿ ಬಿಡಬೇಡಿ, ಸ್ವಲ್ಪ ಕಡಿಮೆ ಮಾಡಿದರೆ ಸಾಕು,” ಎಂದಳು ಸುಮೇಧಾ, ಅವರ ಮುಖ ನೋಡಲಾಗದೆ.