ಎಲ್ಲಿಗೆ ಬೋರಣ್ಣ?

ಶಿವರಾತ್ರಿ ಹತ್ತಿರ ಬಂದರೂ ಚಳಿ ಬಿಟ್ಟಿರಲಿಲ್ಲ. ಗಾಳದ ಕೋಲು ಹೆಗಲಿಗಿಟ್ಟು ಹೊರಟವನನ್ನು ಪಕ್ಕದ ಮನೆಯ ತಾಯಮ್ಮ ನಾಲ್ಕನೆಯ ದಿನವೂ ಕೇಳಿದಳು.

"ಎಲ್ಲಿಗೆ ಬೋರಣ್ಣ, ಕೆರೆಗಾ?"

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ಊರಿನ ಕೂಸಿಗೂ ಗೊತ್ತು. ಬೋರಣ್ಣ ಉರಿದುಬಿದ್ದ.

"ನಿನ್ ಬಾಯಿಗೆ ಮಣ್ ಬೀಳ. ಮೂರು ದಿನದಿಂದ ಒಂದು ಮೀನೂ ಕಚ್ಚಿಲ್ಲ. ಒಳಗೆ ನಮ್ಮವಳು ಹೊಟ್ಟೆ ಕುಯ್ಸ್ಕೊಂಡು ಮಲಗವ್ಳೆ. ಗಾಯ ಮಾಯಾಕೆ ಒಂದು ಕೊರಮೀನು ಸಾರು ಕೊಡಾನ ಅಂದ್ರೆ ನಿನ್ ಬಾಯಿ ಬುಡಾಕಿಲ್ಲ."

"ಅದಕ್ಕೇ ಕೇಳ್ದೆ ಕಣಣ್ಣ, ಒಂದು ಮಾತು..."

"ಮುಚ್ಚು ಬಾಯಿ."

ಮೊದಲ ದಿನವೂ ಹೀಗೇ ಕೇಳಿದ್ದಕ್ಕೆ, ತನ್ನ ಹೊಸ್ತಿಲು ತುಳಿಯಕೂಡದೆಂದು ಅವಳನ್ನು ಬೈದು ಅಟ್ಟಿದ್ದ.

ಮಾರನೆಯ ಬೆಳಿಗ್ಗೆ ತಾಯಮ್ಮ ಕೇಳಲಿಲ್ಲ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗೆದ್ದವನಂತೆ ಕೆರೆಗೆ ಹೋದ ಬೋರಣ್ಣ ಬಿಸಿಲು ನೆತ್ತಿಗೆ ಬರುವವರೆಗೂ ಗಾಳ ಹಾಕಿ ಕಾದ. ನೀರಿನ ಮೇಲಿನ ಬೆಂಡು ಅಲುಗಲಿಲ್ಲ.

ವಾಪಸು ಬಂದವನೇ ಅವಳ ಜಗಲಿಯ ಮುಂದೆ ಕೋಲು ಬಿಸಾಕಿದ.

"ಇವತ್ತು ಮನಸಲ್ಲೇ ಕೇಳ್ಕಂಡ್ಯಾ?"

ತಾಯಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ನೀವಿಬ್ರೂ ಆಸ್ಪತ್ರೇಲಿದ್ದಾಗ ಗುತ್ತಿಗೆಯೋರು ಬಲೆ ಎಳ್ದು ಕೆರೆ ಬರಿದು ಮಾಡುದ್ರು. ನಿನ್ ಹೆಂಡ್ತಿಗೆ ಅಂತ ಒಂದು ಕೊರಮೀನು ಇಸ್ಕಂಡು ನಮ್ ತೊಟ್ಟೀಲಿ ಜೀವಂತ ಇಟ್ಟಿದ್ದೆ. ನೆನ್ನೆ ಸತ್ತೋಯ್ತು."